ಸೆಟ್ ಅಂದರೆ ಮೂರು

ನಮ್ಮೂರಿನ ಸಂಗತಿ ಹೇಳಬೇಕೆಂದರೆ ಬಟ್ಟಲಿನಿಂದಲೇ ಶುರು ಮಾಡಬೇಕು. ಬೆಳಗ್ಗೆ ಹಾಲಿನವನು ಬಂದು ಹೋದ ಮೇಲೆ ಬೀದಿಗೆ ಬಂದು ನಿಂತು ನೋಡಿ, ಖಾಲಿ ಬಟ್ಟಲು ಹಿಡಿದ ಜನ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆಯುತ್ತಿರುತ್ತಾರೆ. ಹೊಸಬರಾದರೆ ಊರಿಗೆ ಊರೇ ಸಕ್ಕರೆ ಕೇಳಲು ಹೊರಟಿದೆ ಅಂದುಕೊಂಡಾರು. ಸಕ್ಕರೆಯೂ ಅಲ್ಲ, ಮೊಸರಿನ ಹೆಪ್ಪೂ ಅಲ್ಲ. ಅವರು ಕೇಳಲು ಹೊರಟಿರುವುದು ಒಂದೇ ಒಂದು ಪದ, ಅದೂ ಇಂಗ್ಲಿಷಿನದು. ಸೆಟ್.

ಆ ಪದಕ್ಕೆ ದಪ್ಪ ಡಿಕ್ಷನರಿಯಲ್ಲಿ ನಾನೂರು ಚಿಲ್ಲರೆ ಅರ್ಥಗಳಿವೆ ಎಂದು ನಮ್ಮ ಹೈಸ್ಕೂಲು ಮೇಷ್ಟರು ಹೇಳುತ್ತಿದ್ದರು. ಇರಲಿ ಬಿಡಿ, ಅದು ಡಿಕ್ಷನರಿಯ ಪಾಡು. ನಮ್ಮೂರಿನ ಪಾಲಿಗೆ ಬಂದದ್ದು ಹತ್ತೊಂಬತ್ತು. ಒಂದೊಂದು ಅರ್ಥ ಒಂದೊಂದು ಮನೆಯದು. ಸಿಮೆಂಟು ಸೆಟ್ಟಾಗುವುದು ಗಾರೆ ಮುನಿವೆಂಕಟಪ್ಪನ ಮನೆಯದು. ಮದುವೆಗೆ ಬಾರಿಸುವ ಬ್ಯಾಂಡ್ ಸೆಟ್ ದಸ್ತಗೀರ್ ಸಾಬರದು. ಪಂಪ್ ಸೆಟ್ ಮೇಲಿನ ಬೀದಿಯ ಅಕ್ಕತಂಗಿಯರದು, ಅವರಿಬ್ಬರಿಗೂ ಬಾವಿಯೇ ಇಲ್ಲ ಎನ್ನುವುದು ಬೇರೆ ಮಾತು. ಯಾರಿಗೆ ಬೇಕೋ ಅವರು ಬಟ್ಟಲು ಹಿಡಿದು ಆ ಮನೆಯ ಮುಂದೆ ನಿಲ್ಲಬೇಕು. ಮನೆಯವರು ತಮ್ಮ ಚಮಚ ತಂದು ಬಟ್ಟಲಿನ ಅಂಚಿಗೆ ಟಿಣ್ ಎಂದು ಒಂದು ಬಡಿದು ಪದವನ್ನು ಹೇಳಬೇಕು. ಅಷ್ಟೇ. ಬಟ್ಟಲು ಖಾಲಿಯಾಗಿ ಬಂದದ್ದು ಖಾಲಿಯಾಗಿಯೇ ಮನೆಗೆ ಹೋಗುತ್ತದೆ, ಕೆಲಸ ಮಾತ್ರ ನಡೆಯುತ್ತದೆ. ಕೇಳದೆ ಮಾಡಿದರೆ ಏನಾಗುತ್ತದೆ ಅನ್ನುತ್ತೀರಾ? ಮುನಿವೆಂಕಟಪ್ಪನ ಭಾವಮೈದ ಒಬ್ಬ ಜಂಬದವನು, ಭಾವನ ಮನೆ ಬಾಗಿಲಲ್ಲಿ ಬಟ್ಟಲು ಹಿಡಿಯುವುದೇ ಎಂದು ಕೇಳದೆಯೇ ತಾರಸಿ ಹಾಕಿಸಿದ. ಈ ಹೊತ್ತಿಗೂ ಅಲ್ಲಿ ಕಾಲಿಟ್ಟರೆ ಹಪ್ಪಳದ ಹಿಟ್ಟಿನ ಮೇಲೆ ಇಟ್ಟ ಹಾಗೆ ಒಳಗಿಳಿಯುತ್ತದೆ. ಅವರೇನೂ ಮನೆ ಬಿಟ್ಟಿಲ್ಲ. ತಾರಸಿಗೆ ಹತ್ತುವುದನ್ನು ಬಿಟ್ಟಿದ್ದಾರೆ.

ನನ್ನ ಮನೆಗೆ ಬಂದದ್ದು ಹಲ್ಲಿನ ಸೆಟ್ಟು. ನಗಬೇಡಿ. ಊರಿನಲ್ಲಿ ಅರವತ್ತು ದಾಟಿದವರೆಲ್ಲ ನನ್ನ ಬಾಗಿಲಿಗೆ ಬಂದ ಮೇಲೇ ಕಡಲೆಬೀಜ ಅಗಿಯುವುದು. ಜೊತೆಗೆ, ಮಾರ್ಕೆಟ್ಟಿನ ಗೋಡೆಗೆ ತಗಲಿಸಿದ ಹಲಗೆಯ ಮೇಲೆ ಯಾವ ಅರ್ಥ ಯಾವ ಮನೆಯದು ಎಂದು ಬಣ್ಣದಲ್ಲಿ ಬರೆಯುವ ಕೆಲಸವೂ ನನ್ನದೇ. ಬರೆಯುವುದು ಸುಖ, ಒರೆಸುವುದು ಕಷ್ಟ. ಒಂದು ಮನೆಯವರು ನೂರು ದಿನ ಯಾರ ಬಟ್ಟಲಿಗೂ ಬಡಿಯದಿದ್ದರೆ ಆ ಮನೆಯ ಸಾಲನ್ನು ಒರೆಸಬೇಕು. ಒರೆಸಿದ್ದು ಮತ್ತೆ ಬರುವುದಿಲ್ಲ. ಗಡಿಯಾರ ಸೆಟ್ ಮಾಡುವುದು ಹಾಗೇ ಹೋಯಿತು. ಒರೆಸಿದ್ದು ನಮ್ಮಪ್ಪ, ನಾನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲ. ಅವತ್ತಿನಿಂದ ನಮ್ಮೂರಿನ ಗಡಿಯಾರಗಳು ತಮಗೆ ತೋಚಿದ ಹಾಗೆ ನಡೆಯುತ್ತವೆ. ನಾವು ಅನ್ನ ಉಕ್ಕೋ ಹೊತ್ತಿಗೆ ಬಾ, ಸ್ಕೂಲು ಮಕ್ಕಳು ಕಿರುಚೋ ಹೊತ್ತಿಗೆ ಬಾ ಎಂದು ಹೇಳಿಕೊಂಡು ಬದುಕಿದ್ದೇವೆ. ಏನೂ ಕಮ್ಮಿಯಾಗಿಲ್ಲ, ಬಸ್ಸು ತಪ್ಪುವುದೊಂದು ಬಿಟ್ಟರೆ.

ಇರಲಿ, ನಾನು ಹೇಳಹೊರಟದ್ದು ಕೆಂಪಾಜಮ್ಮನ ಕಥೆ. ಹತ್ತೊಂಬತ್ತರಲ್ಲಿ ಅವಳ ಮನೆಯ ಅರ್ಥವೇ ಬೇರೆ. ಅದು ಹಿಟ್ಟಲ್ಲ, ಕಬ್ಬಿಣವಲ್ಲ, ಹಲ್ಲಲ್ಲ. ಏನೋ ಕೆಟ್ಟು ಕೂತಾಗ 'ಬಿಡು, ಎಲ್ಲಾ ಸೆಟ್ಟಾಗುತ್ತೆ' ಎನ್ನುತ್ತೇವಲ್ಲ, ಆ ಸೆಟ್ಟು. ಪರೀಕ್ಷೆಗೆ ಹೋಗುವವರು, ಹೆಣ್ಣು ನೋಡಲು ಹೊರಟವರು, ಅತ್ತೆಯೊಡನೆ ಜಗಳವಾಡಿ ಬಂದವರು, ಹೊಟ್ಟೆಯಲ್ಲಿ ಗಂಟಿದೆ ಎಂದು ಡಾಕ್ಟರ ಬಾಯಲ್ಲಿ ಕೇಳಿದವರು, ಎಲ್ಲರೂ ಅವಳ ಮನೆಯ ಜಗಲಿಗೇ ಬರಬೇಕು. ಅವಳು ಮದುವೆಯಾಗಿ ಬಂದಾಗ ಚಮಚ ಅವಳ ಗಂಡ ಮಾಯಿಗೌಡರ ಕೈಯಲ್ಲಿತ್ತು. ಮಾಯಿಗೌಡರು ಅಕ್ಕಿ ಮಿಲ್ಲಿನಲ್ಲಿ ತೂಕ ಹಾಕುತ್ತಿದ್ದ ಮನುಷ್ಯ. ಅದಕ್ಕೋ ಏನೋ ಅವರ ಮಾತು ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಬೆಳಗ್ಗೆ ಮೊದಲ ಬಟ್ಟಲು ಹೆಂಡತಿಯದೇ. ಅವಳು ಒಲೆಯ ಮುಂದಿನಿಂದ ಎದ್ದು ಬಂದು ಬಟ್ಟಲು ಹಿಡಿಯುವಳು, ಅವರು ಟಿಣ್ ಎನಿಸಿ "ಸೆಟ್ಟಾಗುತ್ತೆ ಕಣೇ" ಎನ್ನುವರು. ಏನು ಸೆಟ್ಟಾಗಬೇಕು ಎಂದು ಅವಳು ಹೇಳುತ್ತಿರಲಿಲ್ಲ, ಅವರು ಕೇಳುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಆದರೂ ಮೂವತ್ತೊಂದು ವರ್ಷ ಒಂದು ದಿನವೂ ತಪ್ಪದೆ ಆ ಟಿಣ್ ನಡೆಯಿತು.

ಮಾಯಿಗೌಡರು ಹೋದ ಮೇಲೆ ಚಮಚ ಕೆಂಪಾಜಮ್ಮನ ಕೈಗೆ ಬಂತು. ತನ್ನ ಬಟ್ಟಲಿಗೆ ತಾನೇ ಬಡಿದುಕೊಳ್ಳುವಂತಿಲ್ಲ, ಅದು ಊರಿನ ಕಟ್ಟು. ಅವಳು ತನ್ನ ಬಟ್ಟಲನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಅಡುಗೆಮನೆಯ ಗೂಡಿನಲ್ಲಿ ಬೋರಲು ಹಾಕಿದಳು. ಹನ್ನೊಂದು ವರ್ಷ ಅದು ಹಾಗೇ ಇತ್ತು. ಊರಿಗೆಲ್ಲ ಅವಳು ಹೇಳಿದಳು, ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಹೀಗಿರುವಾಗ ಪರಮೇಶಿಗೆ ಜ್ವರ ಬಂತು. ಪರಮೇಶಿ ಬಸ್ ಸ್ಟ್ಯಾಂಡಿನಲ್ಲಿ ಪಂಕ್ಚರ್ ಹಾಕುತ್ತಿದ್ದವನು, ಸದಾ ನಗುವ, ಕೈಯೆಲ್ಲ ಮಸಿಯ ಹುಡುಗ. ಅವನ ಹೆಂಡತಿ ಜಯಶೀಲ ಹೊಲಿಗೆ ಅಂಗಡಿ ಇಟ್ಟಿದ್ದಳು. ಜ್ವರ ಬಂದ ಎರಡನೇ ದಿನ ಅವಳು ಮಗಳು ಗೌತಮಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದು ಕೆಂಪಾಜಮ್ಮನ ಜಗಲಿಯ ಮುಂದೆ ನಿಂತಳು. "ದೊಡ್ಡವ್ವಾ, ಡಾಕ್ಟ್ರು ಬಾಯೇ ಬಿಡ್ತಿಲ್ಲ. ನೀವಾದ್ರೂ ಹೇಳಿ." ಕೆಂಪಾಜಮ್ಮ ಬಡಿದಳು. "ಸೆಟ್ಟಾಗುತ್ತೆ ಹೋಗು ಮಗಳೇ. ಗಂಜಿ ಕುಡಿಸು. ನೀನೂ ಕುಡಿ, ಮುಖ ನೋಡು ಹೆಂಗಾಗಿದೆ." ಅಲ್ಲಿಂದ ಒಂಬತ್ತನೇ ದಿನ ಪರಮೇಶಿ ತೀರಿಕೊಂಡ.

ಜಯಶೀಲ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಂಪಾಜಮ್ಮ ದಿನಾ ಜಗಲಿಯಲ್ಲಿ ಕೂತು ಅವಳು ಬಂದು ಮಣ್ಣು ತೂರುವುದನ್ನೇ ಕಾದಳು. ಅವಳು ಬರಲಿಲ್ಲ. ಬೀದಿಯಲ್ಲಿ ಎದುರಾದರೆ ಚರಂಡಿ ದಾಟಿ ಆ ಬದಿಗೆ ಹೋಗುವಳು. ನಲ್ಲಿಯ ಹತ್ತಿರ ಸಿಕ್ಕರೆ ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ನಡೆಯುವಳು. ಮುಖ ಮಾತ್ರ ನೆಲ ಬಿಟ್ಟು ಮೇಲೇಳದು. ಒಂದು ಬೆಳಗ್ಗೆ ಕೆಂಪಾಜಮ್ಮ ಚಮಚವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಳಗಿಟ್ಟಳು. ಬಟ್ಟಲು ಹಿಡಿದು ಬಂದವರಿಗೆ ಕಿಟಕಿಯಿಂದಲೇ "ಇವತ್ತು ಇಲ್ಲ" ಅಂದಳು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ.

ಊರು ಹೊಂದಿಕೊಂಡಿತು, ಹೊಂದಿಕೊಳ್ಳುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಆದರೆ ಏನೋ ಸಡಿಲವಾಯಿತು. ಜನ ಬಾಗಿಲು ಹಾಕಿದ ಮೇಲೂ ಮೂರು ಸಲ ಎದ್ದು ಹೋಗಿ ಚಿಲಕ ನೋಡಿ ಬರತೊಡಗಿದರು. ಮಕ್ಕಳನ್ನು ಬಸ್ಸು ಹತ್ತಿಸಿದ ತಾಯಂದಿರು ಬಸ್ಸಿನ ಧೂಳು ಕೂಡ ಕೂತ ಮೇಲೆ ಮನೆಗೆ ತಿರುಗುವರು. ಲಗ್ನಪತ್ರಿಕೆ ಅಚ್ಚಾದ ಮೇಲೂ ಬೀಗರು ಒಬ್ಬರನ್ನೊಬ್ಬರು "ಖಂಡಿತ ತಾನೇ?" ಎಂದು ಕೇಳಿ ಕೇಳಿ ಎರಡು ಮದುವೆಗಳು ಮುರಿಯುವ ಹಂತಕ್ಕೆ ಬಂದವು. ನಾನು ಗೋಡೆಯ ಮೇಲೆ ಇದ್ದಿಲಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ. ತೊಂಬತ್ತಾದಾಗ ಮನಸ್ಸು ತಡೆಯದೆ ಅವಳ ಮನೆಗೆ ಹೋದೆ.

"ಕೆಂಪಾಜಿ, ತೊಂಬತ್ತಾಯ್ತು ಕಣಮ್ಮ. ಇನ್ನು ಹತ್ತು ದಿನಕ್ಕೆ ನಾನು ಒದ್ದೆ ಬಟ್ಟೆ ತಗೊಂಡು ಹೋಗಬೇಕು."

"ಹೋಗಣ್ಣಯ್ಯ. ಚೆನ್ನಾಗಿ ಉಜ್ಜಿ ಒರೆಸು."

"ಮಾಯಿಗೌಡ್ರು ಕೈಲಿ ಹಿಡಿದಿದ್ದ ಚಮಚ ಅದು."

"ಅವರು ಹಿಡಿದಾಗ ಸುಳ್ಳಾಗಿರ್ಲಿಲ್ಲ."

"ಸುಮ್ನಿರಮ್ಮ ಕಂಡಿದೀನಿ. ನಮ್ಮವ್ವಂಗೂ ಅವರೇ ಬಡಿದು ಹೇಳಿದ್ದು. ಹದಿನೈದು ದಿನಕ್ಕೆ ಹೋದ್ಳು. ನಾನೇನು ನಿಮ್ಮನೆಗೆ ಬರೋದು ಬಿಟ್ನಾ?"

"ನೀನು ಕಾಫಿಗೆ ಬರೋನು. ನಿನ್ನ ಲೆಕ್ಕ ಬೇರೆ." ಹಾಗೆಂದು ಕಾಫಿ ತಂದಿಟ್ಟಳು. ಆಮೇಲೆ ಕಂಬಕ್ಕೆ ಒರಗಿ ಕೂತು, ನನಗಲ್ಲ, ಕಂಬಕ್ಕೆ ಹೇಳುವಂತೆ ಹೇಳಿದಳು. "ಅವಳು ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡ್ಲಿ ಅಣ್ಣಯ್ಯ. ಬೈಯ್ಲಿ, ಉಗೀಲಿ, ಏನಾದ್ರೂ ಮಾಡ್ಲಿ. ನೋಡ್ಲಿ. ಅಲ್ಲೀವರೆಗೂ ನನ್ನ ಬಾಯಲ್ಲಿ ಆ ಮಾತು ಬರಲ್ಲ."

ನಾನು ಕಾಫಿ ಕುಡಿದು ಲೋಟ ಇಟ್ಟೆ. ಅವಳು ಇದ್ದಕ್ಕಿದ್ದ ಹಾಗೆ, "ಅದಲು ಬದಲು ಮಾಡ್ಕೊಳ್ಳೋದು ಇನ್ನೂ ನಡೆಯುತ್ತಾ?" ಎಂದಳು. ನಡೆಯುತ್ತದೆ. ಎರಡು ಮನೆಯವರು ಒಪ್ಪಿ ಚಮಚ ಬದಲಾಯಿಸಿಕೊಂಡರೆ ಅರ್ಥಗಳೂ ಬದಲಾಗುತ್ತವೆ. ನಾನು ಹಲಗೆಯ ಮೇಲೆ ಹೆಸರು ತಿದ್ದಿದರೆ ಮುಗಿಯಿತು. ನನ್ನ ಕಾಲದಲ್ಲಿ ಮೂರೇ ಸಲ ಆದದ್ದು. "ಯಾರ ಜೊತೆ?" ಎಂದೆ. "ಬೋರಲಿಂಗಣ್ಣನ ಜೊತೆ" ಎಂದಳು. ನನ್ನ ಹಲ್ಲಿನ ಸೆಟ್ಟು ಕೈಗೆ ಬರುವುದೊಂದು ಬಾಕಿ.

ಬೋರಲಿಂಗಯ್ಯ ಸೆಟ್ ದೋಸೆಯವನು. ಮಾರ್ಕೆಟ್ಟಿನ ತಿರುವಿನಲ್ಲಿ ಅವನ ಹೋಟೆಲು. ಆ ಮೆತ್ತನೆಯ ದೋಸೆಗಳು ಒಂದರ ಮೇಲೊಂದು ಕೂತು ಸೆಟ್ಟಾಗುವುದು ಅವನ ಕೈಯಲ್ಲಿ ಮಾತ್ರ. ಬೇರೆಯವರು ಹುಯ್ದರೆ ಮೂರೂ ಅಂಟಿಕೊಂಡು ಒಂದು ಮುದ್ದೆಯಾಗುತ್ತವೆ. ನಮ್ಮೂರಿನಲ್ಲಿ ತುಂಬಿಕೊಂಡು ಮನೆಗೆ ಹೋಗುವ ಬಟ್ಟಲೆಂದರೆ ಅವನ ಹೋಟೆಲಿನದೊಂದೇ. ಕೂತು ತಿನ್ನುವವರಿಗೆ ತಟ್ಟೆ, ಮನೆಗೆ ಒಯ್ಯುವವರಿಗೆ ಬಟ್ಟಲು. ದೋಸೆ ಎಷ್ಟು ಮೆತ್ತಗೋ ಮನುಷ್ಯ ಅಷ್ಟು ಒರಟು. ಯಾರಾದರೂ ಇನ್ನೊಂದು ಹಾಕು ಎಂದರೆ ಮುಖ ತಿರುಗಿಸಿ "ಸೆಟ್ ಅಂದ್ರೆ ಮೂರು" ಎನ್ನುವನು. ಆ ಮಾತನ್ನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನನ್ನ ಕೈಯಿಂದಲೇ ಬರೆಸಿದ್ದ. ಬಿಸಿಲು ಕಾಯುತ್ತಿದ್ದರೆ ಸಂಜೆ ಮಳೆ ಎನ್ನುವ, ಮಗು ಹುಟ್ಟಿದೆ ಎಂದರೆ "ಇನ್ನು ನಿಂಗೆ ನಿದ್ದೆ ಇಲ್ಲ ಬಿಡು" ಎನ್ನುವ ಆಸಾಮಿ. ಒಳ್ಳೆಯ ಮಾತು ಅವನ ಬಾಯಿಂದ ಬಿದ್ದದ್ದನ್ನು ಕಂಡವರಿಲ್ಲ.

ನಾವು ಹೋದಾಗ ಅವನು ಕಾವಲಿಯ ಮೇಲಿನ ಮುಚ್ಚಳ ಎತ್ತಿ ನೋಡುತ್ತಿದ್ದ. ಕೆಂಪಾಜಮ್ಮ ಸುತ್ತುಬಳಸು ಮಾಡಲಿಲ್ಲ. "ನಿನ್ನ ಚಮಚ ನಂಗೆ ಕೊಡು, ನನ್ನ ಚಮಚ ನೀನು ತಗೋ ಬೋರಲಿಂಗಣ್ಣ."

"ಯಾಕಮ್ಮ, ಬೆಳಗ್ಗೆಬೆಳಗ್ಗೆ ಬಿಸಿಲು ತಲೆಗೇರ್ತಾ?"

"ನಂಗೆ ಹೇಳೋ ಕೆಲಸ ಸಾಕಾಯ್ತು. ದೋಸೆ ಆದ್ರೆ ಬೆಂದಿದ್ಯೋ ಇಲ್ವೋ ಮುಚ್ಚಳ ಎತ್ತಿದ್ರೆ ಕಾಣುತ್ತೆ."

"ನಂಗೆ ಒಳ್ಳೆ ಮಾತಾಡಕ್ಕೆ ಬರಲ್ಲ ಅಂತ ಊರಿಗೇ ಗೊತ್ತು."

"ಗೊತ್ತು. ಅದಕ್ಕೇ ನಿನ್ನ ಹತ್ರ ಬಂದಿದ್ದು. ಸುಳ್ಳು ಹೇಳಕ್ಕೂ ನಿಂಗೆ ಬರಲ್ಲ."

ಬೋರಲಿಂಗಯ್ಯ ಬೀದಿಯ ಕಡೆ ನೋಡಿದ. ಹೋಟೆಲಿನ ಎದುರಿಗೇ ಜಯಶೀಲಳ ಹೊಲಿಗೆ ಅಂಗಡಿ. ಮಿಷಿನ್ನಿನ ಸದ್ದು ಕೇಳುತ್ತಿತ್ತು. ಕಾವಲಿಯ ಮೇಲಿನ ದೋಸೆ ಸೀಯುವ ತನಕ ಅವನು ಆ ಕಡೆಯೇ ನೋಡಿದ, ಅಷ್ಟು ವರ್ಷದಲ್ಲಿ ಅವನ ದೋಸೆ ಸೀದದ್ದು ಅದೇ ಮೊದಲು. ಆಮೇಲೆ ಚಮಚ ತೆಗೆದು ಅವಳ ಕೈಗಿಟ್ಟ. "ತಗೋ. ನನ್ನ ಮಂಡೀನೂ ನೋಯ್ತದೆ." ಕೆಂಪಾಜಮ್ಮ ಆ ಹೋಟೆಲನ್ನೇ ಯಾಕೆ ಕೇಳಿದಳು ಎಂದು ನನಗೆ ಆಗ ಹೊಳೆಯಿತು. ಅವಳ ಮನೆಯ ಬೀದಿಗೆ ಜಯಶೀಲ ಕಾಲಿಡುತ್ತಿರಲಿಲ್ಲ. ಇಲ್ಲಿ ಹತ್ತು ಹೆಜ್ಜೆ ದೂರದಲ್ಲಿ, ದಿನಾ ಎದುರಿಗೆ.

ಹಲಗೆಯ ಮೇಲೆ ನಾನು ಹೆಸರು ತಿದ್ದಿದ ದಿನ ಊರಿನ ಬಾಯಿ ಮುಚ್ಚಲಿಲ್ಲ. ಬೋರಲಿಂಗಯ್ಯ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಕೆಂಪಾಜಮ್ಮನ ಜಗಲಿಯಲ್ಲಿ ಕಾಲು ಚಾಚಿ ಕೂತ. ಅವಳು ಅವನ ಹೋಟೆಲಿನಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಾವಲಿಯ ಮುಂದೆ ನಿಂತಳು. "ಸಮಾಧಾನಕ್ಕೆ ಇನ್ಮೇಲೆ ಈ ಮುಖ ನೋಡಬೇಕಾ?" ಎಂದವರೇ ಎಲ್ಲರೂ. ಆದರೆ ಬೇಕಾದವರು ಬರಲೇಬೇಕಲ್ಲ. ಮೊದಲು ಬಂದವರು ಬ್ಯಾಂಡ್ ಸೆಟ್ಟಿನ ದಸ್ತಗೀರ್ ಸಾಬರು. ಅವರ ಮಗಳು ಗಂಡನ ಮನೆ ಬಿಟ್ಟು ಬಂದು ಎರಡು ದಿನವಾಗಿತ್ತು. ಬಟ್ಟಲು ಮುಂದೆ ಹಿಡಿದು, "ಎಲ್ಲಾ ಸೆಟ್ಟಾಗ್ಬೇಕು ಬೋರಲಿಂಗಯ್ಯನೋರೇ" ಎಂದರು.

"ಎಲ್ಲಾ ಅಂತ ಆರ್ಡರ್ ತಗೊಳ್ಳಲ್ಲ ನಾನು. ಏನು ಬೇಕು, ಎಷ್ಟು ಬೇಕು, ಬ್ಯಾರೆ ಬ್ಯಾರೆ ಹೇಳಿ."

ಸಾಬರು ತಬ್ಬಿಬ್ಬಾದರು. "ಅಳಿಯ ಬಂದು ಮಗಳನ್ನ ಕರ್ಕೊಂಡು ಹೋಗ್ಬೇಕು."

"ಅದು ಇಲ್ಲ."

"ಅವಳು ಅಳೋದು ನಿಲ್ಲಿಸ್ಬೇಕು."

"ಅದೂ ಇವತ್ತಿಗಿಲ್ಲ."

"ಮತ್ತೆ ಏನ್ ಮಡಗಿದೀಯ ಮಾರಾಯ ನಿನ್ನ ಹತ್ರ?"

"ಅದನ್ನ ನೀವೇ ಹೇಳ್ಬೇಕು. ಚಿಕ್ಕದು ಹೇಳಿ."

ದಸ್ತಗೀರ್ ಸಾಬರು ಬಟ್ಟಲಿನ ಒಳಗೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಮಧ್ಯಾಹ್ನ ನಮ್ಜೊತೆ ಕೂತು ಊಟ ಮಾಡಿದ್ರೆ ಸಾಕು. ಎರಡು ದಿನದಿಂದ ರೂಮಿನ ಬಾಗಿಲು ತೆಗೆದಿಲ್ಲ" ಎಂದರು.

"ಅದಿದೆ." ಟಿಣ್. "ಸೆಟ್ಟಾಗುತ್ತೆ. ನೆಕ್ಸ್ಟ್!"

ಆ ಮಧ್ಯಾಹ್ನ ಹುಡುಗಿ ಹೊರಗೆ ಬಂದು ಎರಡು ತುತ್ತು ತಿಂದಳಂತೆ. ಸಾಬರು ಸಂಜೆ ಬಂದು ನನ್ನ ಹತ್ತಿರ ಇದನ್ನು ಹೇಳುವಾಗ ಕಣ್ಣೊರೆಸಿಕೊಂಡರು. ಅಲ್ಲಿಂದ ಬೋರಲಿಂಗಯ್ಯನ ಜಗಲಿಗೆ ಪಾಳಿ ಬೆಳೆಯಿತು. ಅವನು ಮಾತ್ರ ಹೋಟೆಲಿನವನ ಚಾಳಿ ಬಿಡಲಿಲ್ಲ. ದೊಡ್ಡದು ಕೇಳಿದವರಿಗೆ ಇಲ್ಲ ಎನ್ನುವನು. ಕೇಳುವುದು ಚಿಕ್ಕದಾಗಿ, ಅಂಗೈಯಲ್ಲಿ ಹಿಡಿಯುವಷ್ಟಾದ ಮೇಲೆ ಬಡಿಯುವನು. ಜನ ಪಾಳಿಯಲ್ಲಿ ನಿಂತೇ ತಮ್ಮ ಕಷ್ಟವನ್ನು ತರಕಾರಿ ಹೆಚ್ಚುವ ಹಾಗೆ ಹೆಚ್ಚುತ್ತ ಬರುವುದನ್ನು ಕಲಿತರು.

ಇತ್ತ ಕೆಂಪಾಜಮ್ಮನಿಗೆ ದೋಸೆ ಸುಲಭವಾಗಲಿಲ್ಲ. ಅಕ್ಕಿಗೆ ಅವಲಕ್ಕಿ ಎಷ್ಟು, ಮೆಂತ್ಯ ಎಷ್ಟು, ಹಿಟ್ಟು ಎಷ್ಟು ಹೊತ್ತಿಗೆ ಹುಳಿ ಬರುತ್ತದೆ ಎಂದು ಹಿಡಿತ ಸಿಗಲು ನಾಲ್ಕು ದಿನ ಹಿಡಿಯಿತು. ನಾನು ದಿನಾ ಹೋಗಿ ಮೂಲೆಯ ಬೆಂಚಿನಲ್ಲಿ ಕೂತು ಅವಳ ತಪ್ಪುಗಳನ್ನೆಲ್ಲ ತಿಂದೆ. ಕಾವಲಿಯ ಮುಂದೆ ನಿಂತರೆ ಎದುರಿನ ಅಂಗಡಿ ನೇರ ಕಾಣುತ್ತಿತ್ತು. ಮೊದಲನೇ ದಿನ ಜಯಶೀಲ ತಲೆ ಎತ್ತಿ, ಹೋಟೆಲಿನ ಒಳಗೆ ಯಾರು ನಿಂತಿದ್ದಾರೆ ಎಂದು ಗೊತ್ತಾದ ಕೂಡಲೇ ತಗ್ಗಿಸಿದಳು. ಎರಡನೇ ದಿನ ಬಂದು ನೋಡಿದರೆ ಹೊಲಿಗೆ ಮಿಷಿನ್ನನ್ನು ತಿರುಗಿಸಿ ಇಟ್ಟುಕೊಂಡಿದ್ದಳು. ಇನ್ನು ಕಾಣುತ್ತಿದ್ದದ್ದು ಅವಳ ಬೆನ್ನು ಮಾತ್ರ. ಕೆಂಪಾಜಮ್ಮ ಆ ಬೆನ್ನನ್ನು ನೋಡುತ್ತ ದೋಸೆ ಹುಯ್ದಳು, ಆರು ದಿನ. ಗೌತಮಿ ಮಾತ್ರ ಅಮ್ಮನ ಹಿಂದೆ ಸ್ಟೂಲಿನ ಮೇಲೆ ಕೂತು, ಬಾಯಲ್ಲಿ ಬೆರಳಿಟ್ಟುಕೊಂಡು ಕಾವಲಿಯ ಹಬೆಯನ್ನೇ ನೋಡುತ್ತಿದ್ದಳು.

ಏಳನೇ ದಿನ ಬೆಳಗಿನ ಗಿರಾಕಿಗಳು ಮುಗಿದ ಮೇಲೆ ಕೆಂಪಾಜಮ್ಮ ಮನೆಗೆ ಹೋದಳು. ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ, ಗೂಡಿನಲ್ಲಿ ಬೋರಲು ಬಿದ್ದಿದ್ದ ಬಟ್ಟಲನ್ನು ಎತ್ತಿ ಧೂಳು ಒರೆಸಿ, ಮುಂದಿನ ಬಾಗಿಲಿಗೆ ಸುತ್ತಿ ಬಂದು, ತನ್ನದೇ ಮನೆಯ ಜಗಲಿಯ ಮುಂದೆ ಪಾಳಿಯಲ್ಲಿ ನಿಂತಳು. ಮುಂದೆ ಇದ್ದವರು ನೀವೇ ಮೊದಲು ಹೋಗಿ ಎಂದರು, ಅವಳು ಹೋಗಲಿಲ್ಲ. ಅವಳ ಸರದಿ ಬಂದಾಗ ಬೋರಲಿಂಗಯ್ಯ ಎಲ್ಲರನ್ನೂ ಕೇಳುವ ಹಾಗೇ ಕೇಳಿದ.

"ಆರ್ಡರ್ ಹೇಳಮ್ಮ."

"ಜಯಶೀಲ ನನ್ನ ಮುಖ ನೋಡ್ಬೇಕು."

"ಅದು ನನ್ನ ಹತ್ರ ಇಲ್ಲ."

"ನನ್ನ ಮೇಲಿನ ಸಿಟ್ಟು ಇಳೀಬೇಕು."

"ಸಿಟ್ಟು ಇದೆಯೋ ಇಲ್ವೋ ನಿಂಗೇನು ಗೊತ್ತು? ಚಿಕ್ಕದು ಹೇಳು."

ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹನ್ನೊಂದು ವರ್ಷದ ಮೇಲೆ ಹಿಡಿದದ್ದಲ್ಲವೇ. "ಅವಳು ಒಂದು ದಿನ ಹೋಟೆಲಿಗೆ ದೋಸೆಗೆ ಬಂದ್ರೆ ಸಾಕು" ಎಂದಳು. "ತಲೆ ಬಗ್ಗಿಸ್ಕೊಂಡೇ ಬರ್ಲಿ."

ಬೋರಲಿಂಗಯ್ಯ ತಕ್ಷಣ ಬಡಿಯಲಿಲ್ಲ. ಚಮಚವನ್ನು ಹೆಗಲ ಟವೆಲಿನಲ್ಲಿ ಒರೆಸುತ್ತ ಕೂತ. "ಆ ಹುಡುಗ ಪರಮೇಶಿ ಇದ್ನಲ್ಲ, ದಿನಾ ಬಂದು ನಾಲ್ಕು ಕೇಳೋನು. ಬೋರಲಿಂಗಣ್ಣೋ, ಹೊಟ್ಟೆ ನಾಲ್ಕರದ್ದು, ಮೂರರದ್ದಲ್ಲ, ಅನ್ನೋನು. ಒಂದಿನಾನೂ ಕೊಡ್ಲಿಲ್ಲ ನಾನು. ಸೆಟ್ ಅಂದ್ರೆ ಮೂರು ಅಂತ ಗೋಡೆ ತೋರಿಸಿ ಕಳಿಸ್ತಿದ್ದೆ." ಚಮಚವನ್ನು ಬೆಳಕಿಗೆ ಹಿಡಿದು ನೋಡಿದ. "ಅವನು ಹೋದ ಮೇಲೆ ದಿನಾ ಮೂರು ಹಾಕಿ ಕೈ ನಿಂತಾಗೆಲ್ಲ ಅವನೇ ಬಾಗ್ಲಲ್ಲಿ ನಿಂತಂಗಾಗೋದು. ನಿಂಗೆ ಚಮಚ ಕೊಟ್ಟಿದ್ದು ಮಂಡಿ ನೋವಿಗಲ್ಲ. ಈಗ ಕಾವಲಿ ನಿಂದು, ಎಷ್ಟು ಅನ್ನೋದೂ ನಿಂದೇ." ಹೀಗೆಂದು, ಎಲ್ಲರಿಗೂ ಬಡಿಯುವುದಕ್ಕಿಂತ ಮೆಲ್ಲಗೆ ಬಡಿದ. "ಸೆಟ್ಟಾಗುತ್ತೆ."

ಪಾಳಿಯಲ್ಲಿದ್ದವರು ನೆಕ್ಸ್ಟ್ ಎನ್ನುವುದನ್ನು ಕಾದರು. ಅವನು ಅನ್ನಲಿಲ್ಲ.

ಮಾರನೇ ದಿನ ಜಯಶೀಲ ಬರಲಿಲ್ಲ. ಅದರ ಮಾರನೇ ದಿನ ಎದುರಿನ ಅಂಗಡಿಯಿಂದ ಗೌತಮಿಯ ರಂಪ ಕೇಳಿಸಿತು. "ನಂಗೆ ದೋಚೆ ಬೇಕು, ಹೊಗೆ ಬರೋ ದೋಚೆ" ಎಂದು ಒಂದೇ ಸಮ. ಮಿಷಿನ್ನು ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ನಾನು ಸಾಗುವಿನಲ್ಲಿ ಅದ್ದಿದ ತುಂಡನ್ನು ಬಾಯಿಗಿಡುವುದನ್ನೂ ಮರೆತು ನೋಡುತ್ತಿದ್ದೆ. ಜಯಶೀಲ ಒಂದು ಕೈಯಲ್ಲಿ ಮಗಳನ್ನು, ಇನ್ನೊಂದರಲ್ಲಿ ಬಟ್ಟಲನ್ನು ಹಿಡಿದು ರಸ್ತೆ ದಾಟಿ ಬಂದು ಕಾವಲಿಯ ಮುಂದೆ ನಿಂತಳು. ತಲೆ ಬಗ್ಗಿಸಿಯೇ ಇತ್ತು. "ಒಂದು ಸೆಟ್ಟು" ಎಂದಳು, ಬಟ್ಟಲಿಗೆ ಹೇಳುವಂತೆ.

ಕೆಂಪಾಜಮ್ಮ ಚಮಚದಿಂದ ಬಟ್ಟಲಿಗೆ ಟಿಣ್ ಎನಿಸಿದಳು. ಸೌಟಿನಿಂದ ಹಿಟ್ಟು ಹುಯ್ದು ಮುಚ್ಚಳ ಮುಚ್ಚಿದಳು. ಅದು ಬೇಯುವಷ್ಟು ಹೊತ್ತು ಗೌತಮಿ ರಂಪ ಬಿಟ್ಟು ಮುಚ್ಚಳದ ಸುತ್ತ ಏಳುವ ಹಬೆ ನೋಡುತ್ತಿದ್ದಳು. ಬಟ್ಟಲಿಗೆ ಒಂದು ಬಂತು. ಎರಡು ಬಂತು. ಮೂರು ಬಂತು. ಜಯಶೀಲ ಬಟ್ಟಲನ್ನು ಹಿಂದಕ್ಕೆ ಎಳೆದುಕೊಳ್ಳಲು ಹೋದಳು. ಕೆಂಪಾಜಮ್ಮ ಅದರ ಅಂಚನ್ನು ಒಂದು ಬೆರಳಿನಿಂದ ಹಿಡಿದು ನಿಲ್ಲಿಸಿ, ಇನ್ನೊಂದು ಸೌಟು ಹಿಟ್ಟನ್ನು ಕಾವಲಿಯ ಮೇಲೆ ಹುಯ್ದಳು.

"ಮೂರಾಯ್ತಲ್ಲ."

"ಇದು ಪರಮೇಶೀದು" ಎಂದಳು ಕೆಂಪಾಜಮ್ಮ.

ನಾಲ್ಕನೆಯದು ಬೆಂದು ಬಟ್ಟಲಿಗೆ ಬಿದ್ದಿತು. ಜಯಶೀಲ ಅದನ್ನೇ ನೋಡುತ್ತ ನಿಂತಳು. ಆಮೇಲೆ ಮುಖ ಎತ್ತಿದಳು. ಕಣ್ಣು ತುಂಬಿದ್ದವು, ಆದರೆ ಸಿಟ್ಟು, ನಾನು ನೋಡಿದ ಮಟ್ಟಿಗೆ, ಎಲ್ಲೂ ಇರಲಿಲ್ಲ.

"ಕೊನೇ ದಿನ ಅವರು ಕೇಳಿದ್ದು ಇದನ್ನೇ ದೊಡ್ಡವ್ವಾ. ಹೋಗಿ ನಾಲ್ಕು ತಗೊಂಬಾ, ಆ ಮುದುಕನ ಜೊತೆ ಜಗಳ ಆಡಿಯಾದ್ರೂ ತಗೊಂಬಾ, ಅಂತ. ನಗ್ತಾ ಅಂದ್ರು."

"ನಾನು ನಿಂಗೆ ಹೇಳಿದ್ದು ಸುಳ್ಳಾಯ್ತಲ್ಲ ಮಗಳೇ."

"ಸುಳ್ಳೋ ನಿಜಾನೋ ನಂಗೊತ್ತಿಲ್ಲ. ನೀವು ಹೇಳಿದ್ರಿ ಅಂತ ಒಂಬತ್ತು ದಿನ ಗಂಜಿ ಕುಡಿದ್ವಿ. ಇಬ್ರೂನೂ. ಒಂಬತ್ತು ದಿನ ನಗ್ತಿದ್ದೋರು ಅವರು. ಇಲ್ದಿದ್ರೆ ಅಷ್ಟೂ ದಿನ ಇಬ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಅಳ್ತಾ ಕೂತಿರ್ತಿದ್ವಿ."

"ಮತ್ತೆ ನನ್ನ ಕಂಡ್ರೆ ಯಾಕೆ ತಲೆ ಬಗ್ಗಿಸ್ಕೊಂಡು ಹೋಗ್ತಿದ್ದೆ?"

ಜಯಶೀಲ ಮೂಗೊರೆಸಿಕೊಂಡಳು. "ನಿಮ್ಮ ಮುಖ ನೋಡಿದ್ರೆ ಮತ್ತೆ ಬಟ್ಟಲು ಹಿಡಿದುಬಿಡ್ತೀನಿ ಅಂತ ಭಯ. ಹಿಡಿದು ಏನಂತ ಕೇಳ್ಲಿ ನಾನು? ಇನ್ನು ಏನು ಸೆಟ್ಟಾಗ್ಬೇಕು ನಂಗೆ?"

ಹಿಂದಿನ ಕೆಂಪಾಜಮ್ಮನಾಗಿದ್ದರೆ ಆ ಕ್ಷಣ ಅವಳ ಬಾಯಿಂದ ಆ ಮಾತು ತಾನಾಗಿಯೇ ಬಂದುಬಿಡುತ್ತಿತ್ತು. ತುಟಿಯ ತನಕ ಬಂತು ಕೂಡ, ನಾನು ಕಂಡೆ. ಆದರೆ ಅದು ಈಗ ಅವಳದಾಗಿರಲಿಲ್ಲ. ಅದು ಎರಡು ಬೀದಿಯಾಚೆ ಜಗಲಿಯ ಮೇಲೆ, ವಿಭೂತಿ ಬಳಿದುಕೊಂಡು ಕೂತ ಆ ಒರಟನ ಕೈಯಲ್ಲಿತ್ತು. ಅವಳ ಹತ್ತಿರ ಇದ್ದದ್ದು ಕಾವಲಿ, ಹಿಟ್ಟು, ಒಂದು ಸೌಟು.

"ಬಿಸಿ ಇದೆ" ಎಂದಳು. "ಆರೋಕ್ಕೆ ಮುಂಚೆ ತಿನ್ನು."

ಜಯಶೀಲ ಒಯ್ಯಲೆಂದು ತಂದ ಬಟ್ಟಲನ್ನು ಒಯ್ಯಲಿಲ್ಲ. ನನ್ನ ಬೆಂಚಿಗೇ ಬಂದು, "ಸ್ವಲ್ಪ ಸರೀರಿ ತಾತ" ಎಂದು ನನ್ನನ್ನು ಗೋಡೆಗೆ ಒತ್ತಿ ಕೂತಳು. ಮಗಳಿಗೆ ಒಂದು ತುತ್ತು, ತನಗೊಂದು ತುತ್ತು. ಮೂರು ಮುಗಿಯಿತು. ನಾಲ್ಕನೆಯದನ್ನು ಎರಡು ತುಂಡು ಮಾಡಿ ಅರ್ಧವನ್ನು ಕಾವಲಿಯ ಹತ್ತಿರ ಒಯ್ದು ಕೆಂಪಾಜಮ್ಮನ ಕೈಗಿಟ್ಟಳು. ಕೆಂಪಾಜಮ್ಮ ನಿಂತಲ್ಲೇ, ಚಟ್ನಿಯೂ ಇಲ್ಲದೆ, ಅದನ್ನು ತಿಂದಳು. ಅಷ್ಟು ಹೊತ್ತೂ ಜಯಶೀಲ ಅವಳ ಮುಖವನ್ನೇ ನೋಡುತ್ತಿದ್ದಳು.

ಹೋಗುವಾಗ ಬಟ್ಟಲನ್ನು ನಲ್ಲಿಗೆ ಹಿಡಿದು ತೊಳೆದು, ನೀರು ಕೊಡವಿ, ಕಂಕುಳಲ್ಲಿ ಇಟ್ಟುಕೊಂಡು, ಬಾಗಿಲಲ್ಲಿ ನಿಂತು ಹೇಳಿದಳು. "ನಾಳೆ ಬಟ್ಟಲು ತರಲ್ಲ ದೊಡ್ಡವ್ವಾ. ಇಲ್ಲೇ ಕೂತು ತಿಂತೀವಿ."

ಅವತ್ತು ಮಧ್ಯಾಹ್ನ ಅಕ್ಕಿ ನೆನೆಹಾಕುವಾಗ ಕೆಂಪಾಜಮ್ಮ ದಿನದ ಅಳತೆಗಿಂತ ಎರಡು ಹಿಡಿ ಹೆಚ್ಚು ಹಾಕಿದಳು. ಸ್ವಲ್ಪ ಹೊತ್ತು ಪಾತ್ರೆಯ ಮುಂದೆ ನಿಂತಳು. ಆಮೇಲೆ ಇನ್ನೊಂದು ಹಿಡಿ ಹಾಕಿದಳು.